ಪಾಲುದಾರರು ಅನ್ನೋ ಖಾಲಿ ಕಾಲಂ

ನಮ್ಮ ಸಿದ್ದಾಪುರ-ಶಿರಸಿ ಸೀಮೆಯಲ್ಲಿ ಹೊಸ ಯಂತ್ರ ಮಾಡುವವರಿಗೆ ಬರ ಇಲ್ಲ. ಅಡಿಕೆ ಸುಲಿಯೋಕೆ ಒಂದು, ಗೊನೆ ಇಳಿಸೋಕೆ ಒಂದು, ಮದ್ದು ಹೊಡೆಯೋಕೆ ಒಂದು, ಹಾಳೆ ತಟ್ಟೆ ಒತ್ತೋಕೆ ಇನ್ನೊಂದು. ಊರಿಗೊಬ್ಬ ಓದದ ಇಂಜಿನಿಯರು ಇದ್ದೇ ಇರ್ತಾನೆ. ಹಾಗೇ ನಾಲ್ಕೈದು ಊರಿಗೊಂದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಯಂತ್ರವೂ ಇರುತ್ತೆ. ಉದ್ಘಾಟನೆ ದಿನ ಕಟ್ಟಿದ ಮಾವಿನ ತೋರಣ ಒಣಗಿ ಹಾಗೇ ನೇತಾಡ್ತಿರುತ್ತೆ, ಹೊಟ್ಟೆಯೊಳಗೆ ಬೆಕ್ಕು ಮರಿ ಹಾಕಿರುತ್ತೆ.

ಇಂಥ ಸತ್ತ ಯಂತ್ರಗಳನ್ನ ನೋಡಿದಾಗೆಲ್ಲ "ಐಡಿಯಾ ಸರಿ ಇರ್ಲಿಲ್ಲ ಬಿಡು" ಅಂತಾರೆ ಜನ. ನಾನು ಕಂಡ ಮಟ್ಟಿಗೆ ಅದು ಪೂರ್ತಿ ನಿಜ ಅಲ್ಲ. ಬಹಳಷ್ಟು ಯಂತ್ರಗಳ ಐಡಿಯಾ ಚೆನ್ನಾಗೇ ಇತ್ತು. ಮಾಡಿದವನು ಮತ್ತು ದುಡ್ಡು ಹಾಕಿದವನು ಜಗಳ ಆಡಿದ್ರು. ಇಲ್ಲವೇ ನಕ್ಷೆ ಬರೆದ ಮೇಷ್ಟ್ರಿಗೆ ವರ್ಗ ಆಯ್ತು. ಇಲ್ಲವೇ ಬೇರಿಂಗ್ ಹೋದಾಗ ತಂದುಕೊಡುವವರೇ ಇರ್ಲಿಲ್ಲ. ಯಂತ್ರ ಕೆಟ್ಟಿದ್ದು ಆಮೇಲೆ, ಜೊತೆ ಮುರಿದಿದ್ದು ಮೊದಲು.

ಇದನ್ನ ಈಗ ಬರೆಯೋಕೆ ಕಾರಣ ಇದೆ. ನಮ್ಮ ಹನ್ನೆರಡು ಮನೆಯವರ ಗುಂಪಿಗೆ ಅಡಿಕೆ ಒಣಗಿಸೋ ಡ್ರೈಯರ್ ಮಾಡೋಕೆ ಒಂದು ಕಡೆಯಿಂದ ಆರು ಲಕ್ಷ ಅನುದಾನ ಮಂಜೂರಾಗೋ ಹಾಗಾಯ್ತು. ನಾವು ಮನೆಗೆ ಇಪ್ಪತ್ತು ಸಾವಿರ ಹಾಕಬೇಕು. ಗುಂಪಿನ ಕಾರ್ಯದರ್ಶಿ ಅನ್ನೋ ಪಟ್ಟ ನನ್ನ ತಲೆ ಮೇಲೆ. ಅರ್ಜಿಯ ಮೂರನೇ ಪುಟದಲ್ಲಿ 'ಯೋಜನೆಯ ಪಾಲುದಾರರು' ಅಂತ ಒಂದು ಕಾಲಂ, ಎಂಟು ಗೆರೆ ಖಾಲಿ. ಹದಿನೈದು ದಿನದಲ್ಲಿ ತುಂಬಿ ಕಳಿಸಬೇಕು. ಹನ್ನೆರಡರಲ್ಲಿ ಮೂರು ಮನೆಯವರು ಆ ಇಪ್ಪತ್ತು ಸಾವಿರವನ್ನ ಸೊಸೈಟಿಯಿಂದ ಸಾಲ ಎತ್ತಿ ಕೊಟ್ಟಿದ್ರು. ಒಬ್ಬರ ಮನೆಯಲ್ಲಂತೂ ಮಗಳ ಫೀಸು ಕಟ್ಟೋ ದುಡ್ಡು ಅದು. ಡ್ರೈಯರ್ ಬೆಕ್ಕಿನ ಮನೆಯಾದ್ರೆ ಅವರ ಮುಖ ನೋಡಬೇಕಾದವನು ನಾನು.

ಡ್ರೈಯರ್ ಯಾಕೆ ಬೇಕು ಅಂತ ನಮ್ಮ ಕಡೆಯವರಿಗೆ ಹೇಳೋದು ಬೇಡ. ಉಳಿದವರಿಗೆ ಎರಡು ಮಾತು. ಕರಾವಳಿಯಲ್ಲಿ ಹೆಚ್ಚಾಗಿ ಹಣ್ಣಡಿಕೆಯನ್ನ ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ 40-45 ದಿನ ಒಣಗಿಸ್ತಾರೆ, ಅದು ಚಾಲಿ. ಘಟ್ಟದ ಮೇಲೆ ಚಾಲಿಯ ಜೊತೆ ಕೆಂಪಡಿಕೆಯೂ ಇದೆ. ಕಾಯಿ ಹಣ್ಣಾಗೋ ಮೊದಲೇ ಕೊಯ್ದು, ಸುಲಿದು, ಚೊಗರು ಹಾಕಿದ ನೀರಲ್ಲಿ ಬೇಯಿಸಿ, ಆಮೇಲೆ ಒಣಗಿಸಬೇಕು. ಬಿಸಿಲು ಒಳ್ಳೇದಿದ್ರೆ ಒಂದು ವಾರದ ಕೆಲಸ. ಆದ್ರೆ ಬೇಯಿಸಿದ ಅಡಿಕೆ ಕಾಯೋದಿಲ್ಲ. ದೀಪಾವಳಿ ಆಸುಪಾಸು ಮೂರು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡೀತು ಅಂದ್ರೆ ಬೂಷ್ಟು ಬಂದೇಬಿಡುತ್ತೆ. ಬಣ್ಣ ಹೋಯ್ತು ಅಂದ್ರೆ ದರ ಹೋಯ್ತು. ಅಡಿಕೆಯನ್ನ ಕಣ್ಣಲ್ಲೇ ನೋಡಿ, ಕೈಯಲ್ಲಿ ಮುಟ್ಟಿ, ಕತ್ತರಿಸಿ ದರ ಹಾಕೋ ಬೆಳೆ ಇದು. ವರ್ಷದ ದುಡಿಮೆ ಮೂರು ದಿನದ ಮೋಡದ ಕೈಯಲ್ಲಿ.

ಕಾಲಂ ತುಂಬೋ ಸುದ್ದಿ ಹಬ್ಬಿದ್ದೇ ತಡ, ಪಾಲುದಾರರಾಗೋಕೆ ನಾಲ್ಕು ಕಡೆಯವರು ಬಂದ್ರು.

ಮೊದಲನೆಯವರು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಇಬ್ಬರು ಹುಡುಗರು. ಚುರುಕು, ವಿನಯ, ಕೆಲಸ ಗೊತ್ತು. ಡ್ರೈಯರ್ ಒಳಗಿನ ಶಾಖ, ತೇವ ಎಲ್ಲಾ ಮೊಬೈಲಲ್ಲೇ ಕಾಣೋ ಹಾಗೆ ಮಾಡಿಕೊಡ್ತೀವಿ ಅಂದ್ರು. ಎರಡನೆಯವರು ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರು, ಜೊತೆಗೆ ಕೊನೇ ವರ್ಷದ ನಾಲ್ಕು ಮಕ್ಕಳು. ಮೂರನೆಯವರು ನಮ್ಮೂರ ಕ್ರಾಸಿನ ವರ್ಕ್‌ಶಾಪ್ ಆಚಾರ್ರು. ಅವರು ಬಂದರು ಅನ್ನೋದಕ್ಕಿಂತ ನಾವೇ ಹೋಗಿ ಕೂತೆವು ಅನ್ನಬೇಕು. ನಾಲ್ಕನೆಯದು ನನ್ನ ಭಾವನ ಅಳಿಯ, ಅಂದ್ರೆ ನಮ್ಮ ಅಕ್ಕನ ಮಗಳ ಗಂಡ. ಸೋಲಾರ್ ಸಾಮಾನಿನ ವ್ಯಾಪಾರ. ಡ್ರೈಯರ್ ಮಾಡೋಣ ಅಂತ ಊರಲ್ಲಿ ಮೊದಲು ಬಾಯಿ ಬಿಟ್ಟವರು ಭಾವನೇ. ಹಾಗಾಗಿ ಅಳಿಯನ ಹೆಸರು ಕಾಲಮ್ಮಿನ ಮೊದಲ ಗೆರೆಯಲ್ಲಿ ಇರುತ್ತೆ ಅಂತ ಅವರು ತಿಳಕೊಂಡುಬಿಟ್ಟಿದ್ರು.

ನಾನು ಮೊದಲಿನಿಂದ ಹೀಗೆ. ಏನಾದ್ರೂ ತೀರ್ಮಾನ ಮಾಡೋ ಮೊದಲು, ಇದೇ ಕಷ್ಟ ಬೇರೆಯವರಿಗೆ ಬಂದಾಗ ಅವರು ಏನು ಮಾಡಿದ್ರು ಅಂತ ಹುಡುಕ್ತೀನಿ. ಆ ಹದಿನೈದು ದಿನದಲ್ಲಿ ನಾಲ್ಕು ಕಥೆ ನನ್ನ ತಲೆಯಲ್ಲಿ ಸುತ್ತಿದವು.

ಒಂದು, ಜೈಪುರ ಕಾಲು. ಎಲ್ಲರೂ ಹೆಸರು ಕೇಳಿರ್ತೀರಿ. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಠಿ ಅಂತ ಮೂಳೆ ವೈದ್ಯರಿದ್ರು. ಆಗ ಬರ್ತಿದ್ದ ಕೃತಕ ಕಾಲುಗಳೆಲ್ಲ ಬೂಟು ಹಾಕಿಕೊಂಡು ಕುರ್ಚಿ ಮೇಲೆ ಕೂರುವವರಿಗೆ ಮಾಡಿದ್ದು. ನಮ್ಮ ರೈತ ಬರಿಗಾಲಲ್ಲಿ ಕೆಸರಲ್ಲಿ ನಡೀಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು. ಹಾಕಿಸಿಕೊಂಡವರು ಮನೆಗೆ ಹೋಗಿ ಅದನ್ನ ಮೂಲೆಗೆ ಇಡ್ತಿದ್ರು. ಅದಕ್ಕೆ ಉತ್ತರ ಸಿಕ್ಕಿದ್ದು ರಾಮಚಂದ್ರ ಶರ್ಮಾ ಅನ್ನೋ ಕುಶಲಕರ್ಮಿಯ ಕೈಯಲ್ಲಿ. ಅವರು ಹೆಚ್ಚು ಶಾಲೆ ಓದಿದವರಲ್ಲ, ಆದ್ರೆ ಮರ, ಲೋಹ, ರಬ್ಬರು ಅವರ ಮಾತು ಕೇಳ್ತಿದ್ವು. 1968ರ ಹೊತ್ತಿಗೆ ಇಬ್ಬರೂ ಸೇರಿ ರಬ್ಬರಿನ ಪಾದ ಮಾಡಿದ್ರು. ವೈದ್ಯರಿಗೆ ಕಾಲಿನ ಶಾಸ್ತ್ರ ಗೊತ್ತಿತ್ತು, ಶರ್ಮಾರಿಗೆ ವಸ್ತುವಿನ ಗುಣ ಗೊತ್ತಿತ್ತು. ಕಥೆಯಲ್ಲಿ ಜನ ಮರೆಯೋದು ಮೂರನೆಯವರನ್ನ. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿ, ಬಂದವರಿಗೆ ಉಚಿತವಾಗಿ ಕಾಲು ಕೊಡೋ ವ್ಯವಸ್ಥೆ ಮಾಡಿದ ಮೇಲೆಯೇ ಅದು ದೇಶದ ತುಂಬ ಹರಡಿದ್ದು. ಬಲ್ಲವನು, ಮಾಡುವವನು, ಮುಟ್ಟಿಸುವವನು. ಮೂವರು ಬೇಕಾಯ್ತು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರ್ತಿರ್ಲಿಲ್ಲ, ಅದೇ ಆ ಜೊತೆಯ ಗಟ್ಟಿತನ.

ಎರಡನೆಯದು ನಮ್ಮ ಕರ್ನಾಟಕದ್ದೇ, ಸೆಲ್ಕೊ. 1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರು ಮಾಡಿದ ಕಂಪನಿ, ಹಳ್ಳಿಮನೆಗೆ ಸೋಲಾರ್ ದೀಪ ಕೊಡೋದು. ಸೋಲಾರ್ ಫಲಕ ಎಲ್ಲಾದ್ರೂ ಸಿಗ್ತಿತ್ತು, ಅದರಲ್ಲಿ ಹೊಸದೇನಿಲ್ಲ. ಬಡವರ ಹತ್ತಿರ ಒಟ್ಟಿಗೆ ಕೊಡೋಕೆ ದುಡ್ಡಿರ್ಲಿಲ್ಲ, ಅದು ನಿಜವಾದ ಗಂಟು. ಅವರು ಹುಡುಕಿದ ಮುಖ್ಯ ಪಾಲುದಾರ ವಿಜ್ಞಾನಿಯಲ್ಲ, ಬ್ಯಾಂಕ್ ಮ್ಯಾನೇಜರ್. ಗ್ರಾಮೀಣ ಬ್ಯಾಂಕುಗಳ ಬಾಗಿಲಿಗೆ ಅಲೆದು, ದೀಪಕ್ಕೆ ಸಾಲ ಕೊಡಬಹುದು ಅಂತ ಒಪ್ಪಿಸಿದ್ರು. ತಿಂಗಳಿಗೆ 300 ಅಂದ್ರೆ ಭಾರ, ದಿನಕ್ಕೆ 10 ಅಂದ್ರೆ ಆಗಬಹುದು ಅಂತ ಬೀದಿ ವ್ಯಾಪಾರದ ಹೆಂಗಸೊಬ್ಬಳು ಹೇಳಿದ್ದನ್ನ ಹಂದೆ ಅನೇಕ ಕಡೆ ಹೇಳಿದಾರೆ. ಕಂತು ಕಟ್ಟೋ ರೀತಿ ಬದಲಾದ್ರೆ ಅದೂ ಒಂದು ಆವಿಷ್ಕಾರವೇ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಸಾಲದ ಫಾರಂಗೆ ರುಜು ಹಾಕಿದ ಬ್ಯಾಂಕ್ ಮ್ಯಾನೇಜರುಗಳ ಹೆಸರು ನಮಗೆ ಯಾರಿಗೂ ನೆನಪಿಲ್ಲ. ಅವರಿಲ್ಲದಿದ್ರೆ ದೀಪ ಹತ್ತುತ್ತಿತ್ತಾ?

ಮೂರನೆಯದು ಸ್ವಲ್ಪ ಬೇಜಾರಿನ ಕಥೆ, ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಜನಸಾಮಾನ್ಯರಿಗೆ ಕೈಯಲ್ಲಿ ಹಿಡಿಯೋ ಕಂಪ್ಯೂಟರ್ ಮಾಡಿದ್ರು. 1998ರಲ್ಲಿ ಹುಟ್ಟಿದ ಯೋಚನೆ, 2004ರಲ್ಲಿ ಮಾರುಕಟ್ಟೆಗೆ ಬಂತು. ತಯಾರಿಕೆಗೆ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಕೈಜೋಡಿಸಿತ್ತು. ಓದೋಕೆ ಬಾರದವರಿಗೆ ಕನ್ನಡದಲ್ಲೇ ಓದಿ ಹೇಳೋ ಯೋಚನೆ ಅದರಲ್ಲಿತ್ತು. ಒಂದೇ ಯಂತ್ರವನ್ನ ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದಿತ್ತು. ಇವತ್ತಿನ ಮೊಬೈಲಿನಲ್ಲಿ ನಾವು ನೋಡೋ ಎಷ್ಟೋ ಸಂಗತಿಯನ್ನ ಅವರು ಆಗಲೇ ಯೋಚಿಸಿದ್ರು. ಆದ್ರೆ ನಿರೀಕ್ಷೆಯಷ್ಟು ಮಾರಾಟ ಆಗಲಿಲ್ಲ. ಕಾರಣ ಹತ್ತಾರು ಇರಬಹುದು, ಅಷ್ಟರಲ್ಲಿ ಮೊಬೈಲೂ ಅಗ್ಗ ಆಯ್ತು. ನನಗೆ ಕಾಣೋದು ಇಷ್ಟು: ಮಾಡುವವರ ಕಡೆ ಒಬ್ಬರಿಗಿಂತ ಒಬ್ಬರು ಬುದ್ಧಿವಂತರಿದ್ರು. ಕೊಳ್ಳುವವರ ಕಡೆಯಿಂದ, "ನಾನು ಇದನ್ನ ತಗೊಂಡು ನಾಳೆಯಿಂದ ಈ ಕೆಲಸಕ್ಕೆ ಹಚ್ಚುತ್ತೀನಿ" ಅಂತ ಗಟ್ಟಿಯಾಗಿ ನಿಂತ ಪಾಲುದಾರರು ಸಾಲಲಿಲ್ಲ. ಒಂದೇ ಥರದ ಬುದ್ಧಿವಂತರು ನಾಲ್ಕು ಜನ ಸೇರಿದ್ರೆ ಬುದ್ಧಿ ನಾಲ್ಕು ಪಟ್ಟಾಗುತ್ತೆ, ಕಣ್ಣು ಮಾತ್ರ ಒಂದೇ ಕಡೆ ನೋಡ್ತಿರುತ್ತೆ.

ನಾಲ್ಕನೆಯದು ಕೊಯಮತ್ತೂರಿನ ಮುರುಗಾನಂದಂ ಅವರದ್ದು. ಕಡಿಮೆ ಖರ್ಚಲ್ಲಿ ಸ್ಯಾನಿಟರಿ ಪ್ಯಾಡ್ ಮಾಡೋ ಯಂತ್ರ ಕಟ್ಟಿದವರು, 2016ರಲ್ಲಿ ಪದ್ಮಶ್ರೀ ಬಂತು, ಸಿನಿಮಾನೂ ಆಯ್ತು. ನನಗೆ ಇಷ್ಟ ಆಗಿದ್ದು ಅವರು ಯಾರನ್ನ ಸೇರಿಸಿಕೊಂಡ್ರು ಅನ್ನೋದಕ್ಕಿಂತ ಯಾರನ್ನ ಬೇಡ ಅಂದ್ರು ಅನ್ನೋದು. ದೊಡ್ಡ ಕಂಪನಿಗಳಿಗೆ ಯಂತ್ರ ಮಾರಿದ್ರೆ ಆವತ್ತೇ ದುಡ್ಡು ಎಣಿಸಬಹುದಿತ್ತು. ಅವರು ಹೆಂಗಸರ ಸ್ವಸಹಾಯ ಸಂಘಗಳಿಗೆ ಕೊಟ್ರು. ಯಂತ್ರ ಯಾರಿಗೋಸ್ಕರ ಅನ್ನೋದು ಅವರ ತಲೆಯಲ್ಲಿ ಸ್ಪಷ್ಟ ಇತ್ತು. ಹಾಗಾಗಿ ಬೇಡ ಅನ್ನೋಕೆ ಬಾಯಿ ಬಂತು.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ನಾವು ಬಂದವರ ಹತ್ತಿರ ಮಾತಾಡೋಕೆ ಕೂತೆವು. ಸರ್ಟಿಫಿಕೇಟು, ಅನುಭವ ಎಷ್ಟು ವರ್ಷ ಅಂತೆಲ್ಲ ಕೇಳಲಿಲ್ಲ. ಎಲ್ಲರಿಗೂ ಅವವೇ ಮೂರು ಪ್ರಶ್ನೆ. ಡ್ರೈಯರ್ ಸರಿಯಾಗದೇ ಹೋದ್ರೆ ನಿಮಗೆ ಏನು ಹೋಗುತ್ತೆ? ಅಡಿಕೆ ಸುಗ್ಗಿಯ ನಡುವೆ, ರಾತ್ರಿ ಫ್ಯಾನ್ ನಿಂತ್ರೆ ಯಾರು ಬರ್ತಾರೆ? ನಾಳೆ ಪಕ್ಕದ ಊರಿನವರು ಇಂಥದ್ದೇ ಮಾಡ್ತೀವಿ ಅಂದ್ರೆ ನೀವು ಏನಂತೀರಿ?

ಕಂಪನಿ ಹುಡುಗರು ಮೊದಲೆರಡು ಪ್ರಶ್ನೆಗೆ ಚೆನ್ನಾಗೇ ಉತ್ತರ ಕೊಟ್ರು. ಮೂರನೆಯದಕ್ಕೆ ಒಂದು ಕರಡು ಒಪ್ಪಂದ ತೆಗೆದ್ರು. ವಿನ್ಯಾಸದ ಹಕ್ಕು ಪೂರ್ತಿ ಕಂಪನಿಯದ್ದು, ಹತ್ತು ವರ್ಷ ನಾವು ಬೇರೆ ಯಾರಿಗೂ ನಕ್ಷೆ ತೋರಿಸೋ ಹಾಗಿಲ್ಲ. ಅವರ ಕಡೆಯಿಂದ ನೋಡಿದ್ರೆ ಅದರಲ್ಲಿ ತಪ್ಪಿಲ್ಲ. ಅವರಿಗೆ ಬಂಡವಾಳ ಹಾಕಿದವರು ಹಕ್ಕು ಎಲ್ಲಿ ಅಂತ ಕೇಳ್ತಾರೆ. ಆದ್ರೆ ನಮ್ಮ ಕಡೆ, ಪಕ್ಕದ ಮನೆಯವನು ಬಂದು "ಗೂಡು ಎಷ್ಟು ಅಗಲ ಇಟ್ಟೆ ಮಾರಾಯಾ?" ಅಂದ್ರೆ ಒಪ್ಪಂದ ಇದೆ ಹೇಳೋ ಹಾಗಿಲ್ಲ ಅನ್ನೋಕಾಗುತ್ತಾ? ಅವನ ಮನೆ ಕೊಯ್ಲಿಗೆ ನಾಳೆ ನಾನು ಹೋಗಬೇಕು. ನಗುನಗುತ್ತಾ ಕಾಫಿ ಕುಡಿದು ಬೇರೆಯಾದೆವು. ಶಾಖ ನೋಡೋ ಸಣ್ಣ ಡಬ್ಬಿಯನ್ನ ಮಾತ್ರ ಅವರಿಂದ ದುಡ್ಡು ಕೊಟ್ಟು ತಗೊಂಡೆವು. ಪಾಲುದಾರ ಬೇರೆ, ಸಾಮಾನು ಕೊಡುವವನು ಬೇರೆ. ಎಲ್ಲರನ್ನೂ ಪಾಲುದಾರ ಮಾಡಿಕೊಳ್ಳಬೇಕು ಅಂತೇನಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ಹೇಳಿಬಿಡ್ತೀನಿ, ಯಾರಿಗಾದ್ರೂ ಉಪಯೋಗ ಆದೀತು. ಇಬ್ಬರು ಸೇರಿ ಪೇಟೆಂಟ್ ಮಾಡಿಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ನಮ್ಮ 1970ರ ಪೇಟೆಂಟ್ ಕಾಯ್ದೆ ಪ್ರಕಾರ ಇಬ್ಬರಿಗೂ ಸಮಪಾಲು. ಒಬ್ಬ ಅದನ್ನ ಬಳಸಿ ತಾನೇ ಲಾಭ ಮಾಡಿಕೊಂಡ್ರೆ ಇನ್ನೊಬ್ಬನಿಗೆ ಲೆಕ್ಕ ಕೊಡಬೇಕಿಲ್ಲ. ಆದ್ರೆ ಮೂರನೆಯವರಿಗೆ ಪರವಾನಗಿ ಕೊಡೋಕೆ, ತನ್ನ ಪಾಲು ಮಾರೋಕೆ ಇನ್ನೊಬ್ಬನ ಒಪ್ಪಿಗೆ ಬೇಕೇ ಬೇಕು. ಅಂದ್ರೆ ಮುನಿಸಿಕೊಂಡ ಪಾಲುದಾರ ಒಬ್ಬ ಸುಮ್ಮನೆ ಕೂತ್ರೂ ಸಾಕು, ಯಂತ್ರ ಬೇರೆಯವರ ಕೈಗೆ ಹೋಗೋ ದಾರಿ ಬಂದ್. ಇನ್ನೊಂದು, ಅರ್ಜಿ ಹಾಕೋ ಮೊದಲೇ ಎಲ್ಲರಿಗೂ ತೋರಿಸಿಬಿಟ್ರೆ ಸಾಮಾನ್ಯವಾಗಿ ಅದು 'ಹೊಸದು' ಅನ್ನಿಸಿಕೊಳ್ಳಲ್ಲ. ಪೇಟೆಂಟ್ ಬೇಕಾ ಬೇಡವಾ ಅನ್ನೋದನ್ನ ಮೇಳಕ್ಕೆ ಒಯ್ಯೋ ಮೊದಲೇ ಮಾತಾಡಿಕೊಳ್ಳಬೇಕು. ನಮಗೆ ಬೇಡ ಅಂತ ನಾವು ತೀರ್ಮಾನಿಸಿದೆವು. ಅದು ನಮ್ಮ ಲೆಕ್ಕ, ನಿಮ್ಮದು ಬೇರೆ ಇರಬಹುದು.

ಪ್ರೊಫೆಸರು ಎರಡನೇ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ನಾನು ಅವರಿಗೆ ಮನಸ್ಸಲ್ಲೇ ಕೈಮುಗಿದೆ. "ನೋಡಿ, ನಿಮ್ಮ ಸುಗ್ಗಿ ಹೊತ್ತಿಗೆ ನಮ್ಮ ಹುಡುಗರಿಗೆ ಪರೀಕ್ಷೆ. ಅವರು ಬರೋಲ್ಲ. ಮುಂದಿನ ವರ್ಷ ಇದೇ ಹುಡುಗರು ಇರೋದೂ ಇಲ್ಲ, ಪಾಸಾಗಿ ಹೋಗಿರ್ತಾರೆ" ಅಂದ್ರು. ಅಷ್ಟು ನೇರವಾಗಿ ಯಾರು ಹೇಳ್ತಾರೆ? ಕಾಲೇಜಿಗೆ ತಿಂಗಳು ಸೆಮಿಸ್ಟರ್ ಲೆಕ್ಕದಲ್ಲಿ ಓಡುತ್ತೆ, ಸರ್ಕಾರಕ್ಕೆ ಮಾರ್ಚ್ ಲೆಕ್ಕದಲ್ಲಿ, ನಮಗೆ ಕೊನೆಕೊಯ್ಲಿನ ಲೆಕ್ಕದಲ್ಲಿ. ಜೊತೆಗಾರರ ಜಾತಕ ನೋಡೋಕಿಂತ ಮೊದಲು ಪಂಚಾಂಗ ನೋಡಬೇಕು ಅಂತ ಅವತ್ತು ಗೊತ್ತಾಯ್ತು. ಅವರನ್ನ ಬಿಡಲಿಲ್ಲ. ಕಟ್ಟೋ ಕೆಲಸಕ್ಕೆ ಬದಲು ಅಳೆಯೋ ಕೆಲಸ ಕೊಟ್ಟೆವು: ಒಂದು ಹಿಡಿ ಅಡಿಕೆಯಲ್ಲಿ ತೇವ ಎಷ್ಟಿದೆ, ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಶಾಖದ ವ್ಯತ್ಯಾಸ ಎಷ್ಟು. ಅದನ್ನ ಪರೀಕ್ಷೆ ಮುಗಿದ ಮೇಲೂ ಮಾಡಬಹುದು.

ಆಚಾರ್ರ ಕಥೆ ಬೇರೆ. ಮಾತು ಕಡಿಮೆ. ಫೋನ್ ಎತ್ತಲ್ಲ. ಗೇಟ್ ಮಾಡಿಕೊಡಿ ಅಂದ್ರೆ ಮೂರು ತಿಂಗಳು. "ಸರಿಯಾಗದಿದ್ರೆ ನಿಮಗೆ ಏನು ಹೋಗುತ್ತೆ ಆಚಾರ್ರೇ?" ಅಂತ ಕೇಳಿದೆ. ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ, "ಹೆಗಡೇರೇ, ಕ್ರಾಸಲ್ಲಿ ಬಸ್ಸಿಗೆ ಕಾಯೋರೆಲ್ಲ ನನ್ನ ಅಂಗಡಿ ಮುಂದೇ ನಿಲ್ಲೋದು" ಅಂದ್ರು. ಅಷ್ಟೇ. ನನಗೆ ಅದಕ್ಕಿಂತ ದೊಡ್ಡ ಗ್ಯಾರಂಟಿ ಕಾರ್ಡ್ ಬೇಕಿರ್ಲಿಲ್ಲ. ಅವರ ಷರತ್ತು ಒಂದೇ: ಇದು ಸರಿಯಾದ್ರೆ ಬೇರೆ ಊರಿಗೆ ಮಾಡಿ ಮಾರೋಕೆ ನೀವು ಅಡ್ಡ ಬರಬಾರದು. ಅಡ್ಡ ಬರೋದೇನು, ನಾವೇ ಗಿರಾಕಿ ಕಳಿಸ್ತೀವಿ ಅಂದೆವು.

ಇನ್ನು ನಾಲ್ಕನೆಯದು, ಮನೆಯೊಳಗಿನದ್ದು.

ಭಾವನ ಅಳಿಯ ಕೆಟ್ಟ ಹುಡುಗ ಅಲ್ಲ. ಕೆಲಸವೂ ಗೊತ್ತು. ಆದ್ರೆ ಪಾಲುದಾರ ಅಂದ್ರೆ ಸಮಿತಿಯಲ್ಲಿ ಕೂತು ಬಿಲ್ಲಿಗೆ ರುಜು ಹಾಕಬೇಕು. ಸೋಲಾರ್ ಫಲಕ, ಫ್ಯಾನು, ಬ್ಯಾಟರಿ ಅವನ ಅಂಗಡಿಯಿಂದಲೇ ಬರಬೇಕು. ಬಿಲ್ ಮಾಡುವವನೂ ಅವನೇ, ಬಿಲ್ ಪಾಸ್ ಮಾಡುವವನೂ ಅವನೇ ಆದ್ರೆ, ನಾಳೆ ಸಾಲ ಎತ್ತಿದ ಆ ಮೂರು ಮನೆಯವರು ಒಂದು ಪ್ರಶ್ನೆ ಕೇಳಿದ್ರೆ ನಾನು ಯಾವ ಬಾಯಲ್ಲಿ ಉತ್ತರ ಕೊಡಲಿ? ಫ್ಯಾನ್ ಸುಟ್ಟುಹೋದ್ರೆ ಅಂಗಡಿಯವನನ್ನ ಬೈಯಬಹುದು, ಅಕ್ಕನ ಅಳಿಯನನ್ನ ಬೈಯೋಕಾಗುತ್ತಾ? ನಾನು ಭಾವನ ಮನೆಗೇ ಹೋಗಿ ಹೇಳಿದೆ. "ಉಳಿದವರ ಹಾಗೆ ಅವನೂ ದರಪಟ್ಟಿ ಕೊಡಲಿ ಭಾವ, ಕಡಿಮೆ ಇದ್ರೆ ಅವನದ್ದೇ ತಗೊಳ್ತೀವಿ. ಕಾಲಮ್ಮಿನಲ್ಲಿ ಹೆಸರು ಬೇಡ."

ಭಾವ ಕವಳದ ಬಟ್ಟಲನ್ನ ನನ್ನ ಕಡೆ ಸರಿಸಿದವರು ವಾಪಸ್ ತಮ್ಮ ಕಡೆ ಎಳಕೊಂಡ್ರು. "ಐಡಿಯಾ ನಂದು, ನಂಬಿಕೆ ಇಲ್ಲದಿದ್ದದ್ದು ನಮ್ಮ ಹುಡುಗನ ಮೇಲೆ" ಅಂದ್ರು. ನಂಬಿಕೆ ಇಲ್ಲ ಅಂತಲ್ಲ, ನಂಬಿಕೆ ಉಳೀಬೇಕು ಅಂತ ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ರಾತ್ರಿ ಅಕ್ಕ ಫೋನ್ ಮಾಡಿ, "ಹದಿನೈದು ದಿನದ ಫಾರಂಗೆ ಮೂವತ್ತು ವರ್ಷದ ನೆಂಟಸ್ತನ ಕೊಟ್ಟೆಯಲ್ಲೋ ತಮ್ಮಾ" ಅಂದ್ಲು. ಆ ವರ್ಷ ದೀಪಾವಳಿಗೆ ಅವರು ನಮ್ಮನೆಗೆ ಬರಲಿಲ್ಲ. ಅಳಿಯ ದರಪಟ್ಟಿಯೂ ಕೊಡಲಿಲ್ಲ. ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕಿದ್ರೆ ಮಾತಾಡ್ತೀವಿ, ಮಳೆ ಬಗ್ಗೆ, ದರದ ಬಗ್ಗೆ. ಡ್ರೈಯರ್ ಬಗ್ಗೆ ಇಲ್ಲ. ಪಾಲುದಾರರ ಆಯ್ಕೆ ಬಗ್ಗೆ ಪುಸ್ತಕ ಬರೆಯುವವರು ಈ ಖರ್ಚನ್ನ ಯಾವ ಲೆಕ್ಕಕ್ಕೆ ಹಾಕ್ತಾರೋ. ನಾನಂತೂ ಇನ್ನೊಮ್ಮೆ ಕೇಳಿದ್ರೂ ಅದನ್ನೇ ಹೇಳ್ತೀನಿ.

ಕಾಲಮ್ಮಿನಲ್ಲಿ ಇನ್ನೂ ಗೆರೆ ಉಳಿದಿತ್ತು. ಆಗ ನನ್ನ ಅತ್ತಿಗೆ, ಅಣ್ಣನ ಹೆಂಡತಿ, ಆಚಾರ್ರ ನಕ್ಷೆ ನೋಡಿ ಒಂದು ಮಾತು ಕೇಳಿದ್ರು. "ಮೇಲಿನ ತಟ್ಟೆ ಎಷ್ಟು ಎತ್ತರದಲ್ಲಿದೆ?" ಆರು ಅಡಿ. "ಅಡಿಕೆ ಕೈಯಾಡಿಸೋರು ಯಾರು, ನೀವಾ?" ಸಭೆಯಲ್ಲಿದ್ದ ಗಂಡಸರೆಲ್ಲ ನೆಲ ನೋಡಿದ್ರು. ಬೇಯಿಸಿದ ಅಡಿಕೆ ಹರವೋದು, ತಿರುವೋದು, ಮೋಡ ಬಂದ್ರೆ ಓಡಿಹೋಗಿ ಒಟ್ಟುಮಾಡೋದು, ನಮ್ಮ ಹನ್ನೆರಡೂ ಮನೆಯಲ್ಲಿ ಹೆಂಗಸರು ಮತ್ತು ಕೆಲಸಕ್ಕೆ ಬರೋ ಹೆಣ್ಣಾಳುಗಳು. ತಟ್ಟೆ ನಾಲ್ಕೂವರೆ ಅಡಿಗೆ ಇಳೀತು, ಗೂಡು ಅಗಲ ಆಯ್ತು, ತಟ್ಟೆ ಹೊರಗೆ ಎಳೆಯೋಕೆ ಚಕ್ರ ಬಂತು. ಅತ್ತಿಗೆಯ ಹೆಸರನ್ನ, ಜೊತೆಗೆ ಹೆಣ್ಣಾಳುಗಳಲ್ಲಿ ಹಿರಿಯರೊಬ್ಬರ ಹೆಸರನ್ನ ಕಾಲಮ್ಮಿನಲ್ಲಿ ಬರೆದೆ. ಅನುದಾನದ ಆಫೀಸಿನವರು ಫೋನ್ ಮಾಡಿ, "ಇವರ ವಿದ್ಯಾರ್ಹತೆ ಏನು ಸರ್?" ಅಂತ ಕೇಳಿದ್ರು. ಅಡಿಕೆ ಒಣಗಿಸ್ತಾರೆ ಅಂದೆ.

ಕೊನೇ ಗೆರೆಗೆ ಹಾಕಿದ್ದು ಅಡಿಕೆ ದರ ಹಾಕಿ ಅನುಭವ ಇದ್ದ, ನಿವೃತ್ತರಾದ ಹಿರಿಯರೊಬ್ಬರನ್ನ. ನಮ್ಮ ಸೀಮೆಯಲ್ಲಿ ಸಹಕಾರಿ ಸಂಘಗಳದ್ದು ಹಳೇ ಬೇರು. ಶಿರಸಿಯ ಟಿಎಸ್‌ಎಸ್ 1923ರಲ್ಲೇ ಹುಟ್ಟಿದ್ದು. ವಖಾರಿಯಲ್ಲಿ ಮೂವತ್ತು ವರ್ಷ ಅಡಿಕೆ ಮುಟ್ಟಿದವರ ಬೆರಳಿಗೆ ಸುಳ್ಳು ಹೇಳೋಕಾಗಲ್ಲ. ಕೊನೆಗೆ ನಮ್ಮ ಡ್ರೈಯರ್ ಪಾಸೋ ಫೇಲೋ ಹೇಳೋದು ಅನುದಾನದ ಆಫೀಸಲ್ಲ, ಅಂಥ ಬೆರಳುಗಳು. ಹಾಗಿದ್ದ ಮೇಲೆ ಕೊನೆಗೆ ಬೇಡ ಅನ್ನಬಲ್ಲವರನ್ನ ಮೊದಲೇ ಕರೆದು ಕೂರಿಸಿಕೊಳ್ಳೋದು ಒಳ್ಳೇದು. ಅವರು ಬಂದ ಮೊದಲ ದಿನವೇ ಹೇಳಿದ್ರು, "ಹೊಗೆ ತಾಗಿದ್ರೆ ನಾನೇ ದರ ಕಮ್ಮಿ ಹಾಕ್ತೀನಿ." ಹಾಗಾಗಿ ಒಲೆಯ ಹೊಗೆ ಕೊಳವೆಯೊಳಗೇ ಹೋಗಿ ಆಚೆ ಬೀಳಬೇಕು, ಬಿಸಿಗಾಳಿ ಮಾತ್ರ ಅಡಿಕೆಗೆ ಮುಟ್ಟಬೇಕು ಅಂತ ನಕ್ಷೆ ಬದಲಾಯ್ತು. ಖರ್ಚು ಏರಿತು. ಆಚಾರ್ರು ಗೊಣಗಿದ್ರು, ಮಾಡಿದ್ರು.

ಆಮೇಲೆ ಎಲ್ಲರೂ ಕೂತು ಒಂದು ಪುಟದ ಕರಾರು ಬರೆದೆವು, ಕನ್ನಡದಲ್ಲಿ, ಎಲ್ಲರಿಗೂ ಓದಿ ಹೇಳಿ. ನಕ್ಷೆ ಗುಂಪಿನದ್ದು, ಯಾರು ಕೇಳಿದ್ರೂ ತೋರಿಸೋದು. ಮಾಡಿ ಮಾರೋ ಲಾಭ ಆಚಾರ್ರದ್ದು. ಎರಡು ಸುಗ್ಗಿ ರಿಪೇರಿ ಅವರ ಜವಾಬ್ದಾರಿ, ಸಾಮಾನಿನ ಖರ್ಚು ಗುಂಪಿನದ್ದು. ಅಳೆದ ಲೆಕ್ಕ ಕಾಲೇಜೂ ಬಳಸಬಹುದು, ನಾವೂ ಬಳಸಬಹುದು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಕೊನೇ ಸಾಲು: ಯಾರಾದ್ರೂ ಬಿಟ್ಟು ಹೋಗಬೇಕು ಅಂದ್ರೆ ಹೇಗೆ ಹೋಗಬೇಕು. ಶುಭಕಾರ್ಯಕ್ಕೆ ಮೊದಲೇ ಅದೆಂಥ ಮಾತು ಅಂತ ಹಿರಿಯರೊಬ್ಬರು ಅಂದ್ರು. ಹಂಗೆ ಬರೆದಿಟ್ರೆ ಯಾರೂ ಬಿಟ್ಟು ಹೋಗಲ್ಲ ಅಂತ ಅತ್ತಿಗೆ ಅಂದ್ರು. ಬರೆದಿಟ್ಟೆವು: ಸುಗ್ಗಿ ಮುಗಿಯೋವರೆಗೆ ಹೋಗೋ ಹಾಗಿಲ್ಲ, ಹಾಕಿದ ದುಡ್ಡಲ್ಲಿ ಅರ್ಧ ವಾಪಸ್, ಸಿಟ್ಟು ಏನಿದ್ರೂ ಸಭೆಯಲ್ಲೇ ಹೇಳಿ ಹೋಗಬೇಕು.

ಡ್ರೈಯರ್ ಆಯ್ತಾ ಅಂತ ಕೇಳ್ತೀರಿ. ಆಯ್ತು, ಎರಡು ತಿಂಗಳು ತಡವಾಗಿ. ಮೊದಲ ಒಬ್ಬೆ ಅಡಿಕೆ ಮೂರನೇ ದಿನಕ್ಕೆ ಒಣಗಿ ಹೊರಗೆ ಬಂತು. ದರ ಹಾಕೋ ಹಿರಿಯರು ಒಂದನ್ನ ಕತ್ತರಿಸಿ, ಇನ್ನೊಂದನ್ನ ಕತ್ತರಿಸಿ, "ಮೇಲಿನ ತಟ್ಟೆಯದ್ದು ಅಡ್ಡಿಲ್ಲ, ಕೆಳಗಿನದ್ದು ಕಪ್ಪಾಗಿದೆ" ಅಂದ್ರು. ಹೊಗಳಿಕೆ ಅಲ್ಲ, ಆದ್ರೆ ಅದೇ ಬೇಕಿದ್ದದ್ದು. ಪ್ರೊಫೆಸರ ಹುಡುಗರು ಅಳೆದು ಕೊಟ್ಟ ಲೆಕ್ಕ ನೋಡಿದ್ರೆ ಕೆಳಗಿನ ತಟ್ಟೆಗೆ ಶಾಖ ಹೆಚ್ಚು. ಆಚಾರ್ರು ಒಂದು ತಗಡು ಅಡ್ಡ ಕೊಟ್ಟು ಗಾಳಿ ತಿರುಗಿಸಿದ್ರು. ಎರಡನೇ ಒಬ್ಬೆ ಸುಧಾರಿಸಿತು. ಆ ವರ್ಷ ಮೋಡದ ದಿನಗಳಲ್ಲಿ ಬೇಯಿಸಿದ ಅಡಿಕೆ ಹನ್ನೆರಡು ಮನೆಯಲ್ಲಿ ಯಾರದ್ದೂ ಬೂಷ್ಟು ಹಿಡೀಲಿಲ್ಲ. ಸೊಸೈಟಿ ಸಾಲ ಎತ್ತಿದವರಲ್ಲಿ ಇಬ್ಬರು ತೀರಿಸಿದಾರೆ, ಇನ್ನೊಬ್ಬರದ್ದು ಈ ಸುಗ್ಗಿಗೆ ಮುಗಿಯುತ್ತೆ. ಫ್ಯಾನ್ ಎರಡು ಸಲ ರಾತ್ರಿ ನಿಂತಿತ್ತು. ಒಮ್ಮೆ ಆಚಾರ್ರು ಬೈಯುತ್ತಾ ಬಂದ್ರು. ಇನ್ನೊಮ್ಮೆ ಅವರು ಬರೋಷ್ಟರಲ್ಲಿ ಅತ್ತಿಗೆ ಮತ್ತು ಹೆಣ್ಣಾಳುಗಳು ತಟ್ಟೆಗಳನ್ನೆಲ್ಲ ಹೊರಗೆ ಎಳೆದು ಅಡಿಕೆ ಉಳಿಸಿದ್ರು, ಚಕ್ರ ಇದ್ದದ್ದಕ್ಕೆ.

ಮೊನ್ನೆ ಪಕ್ಕದ ತಾಲೂಕಿನ ಒಂದು ಗುಂಪಿನವರು ನೋಡೋಕೆ ಬಂದಿದ್ರು. ಎಲ್ಲಾ ಅಳತೆ ಬರಕೊಂಡು, ಹೊರಡೋ ಹೊತ್ತಿಗೆ ಆಚಾರ್ರ ನಂಬರ್ ಕೇಳಿದ್ರು. ಕೊಟ್ಟೆ, ಆದ್ರೆ ಹೇಳಿದೆ: ಇವರು ನಿಮಗೆ ಅರವತ್ತು ಕಿಲೋಮೀಟರ್ ದೂರ, ಮಾಡಿ ಕೊಡ್ತಾರೆ, ರಾತ್ರಿ ಬರೋಕಾಗಲ್ಲ. ನಿಮ್ಮ ಕ್ರಾಸಲ್ಲಿ ಯಾರಿದಾರೆ ನೋಡಿ. ಅವರ ಊರಲ್ಲೂ ಒಬ್ಬರಿದಾರಂತೆ, ಕೈಕೆಲಸ ಚೆನ್ನಾಗಿದೆ, ಫೋನ್ ಮಾತ್ರ ಎತ್ತೋದಿಲ್ಲವಂತೆ.

ಪರವಾಗಿಲ್ಲ, ಮನೆಗೇ ಹೋಗಿ ಕೂತ್ಕೊಳ್ಳಿ ಅಂದೆ.